ಜೇನುಗೂಡಿನ ಬಾಣಂತನ

ಯಾರಾದರೂ ಏನನ್ನಾದರೂ ನಮ್ಮ ಕೈಗೆ ಕೊಟ್ಟು "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಸಾಕು, ನಮ್ಮ ಮನೆಯಲ್ಲಿ ಅದೊಂದು ದೊಡ್ಡ ಪ್ರಕರಣವಾಗುತ್ತದೆ. ಗಿಣಿಯೊಂದು ಬಂದಿತ್ತು, ಮೀನಿನ ತೊಟ್ಟಿ ಬಂದಿತ್ತು. ಹೋದ ವರ್ಷ ಜೇನು ಬಂತು.

ಜವಾಬ್ದಾರಿ

ನಾವಿರುವುದು ಅಡಿಲೇಡಿನ ಮಾಡ್ಬರಿಯಲ್ಲಿ. ನನ್ನದು ಎಕ್ಸ್‌ರೇ ವಿಭಾಗದ ಕೆಲಸ, ನಮ್ಮವರು ಹೊಟ್ಟೆ ಡಾಕ್ಟರು. ಪಕ್ಕದ ಮನೆಯ ಆಸ್ಟ್ರೇಲಿಯನ್ ಅಜ್ಜ ನಾವು ಬಂದ ಹೊಸದರಲ್ಲಿ ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಅನ್ನುವುದರಿಂದ ಹಿಡಿದು ಮಗಳಿಗೆ ಸೈಕಲ್ ಕಲಿಸುವವರೆಗೆ ಎಲ್ಲ ಮಾಡಿದವರು. ಅವರ ಋಣ ದೊಡ್ಡದು.

ಮಂಡಿನೋವಿಗೆ ಚಳಿ ಆಗದು ಅಂತ ಅವರು ಚಳಿಗಾಲ ಕಳೆಯಲು ಬ್ರಿಸ್ಬೇನಿಗೆ, ಫೋರ್ಟಿಟ್ಯೂಡ್ ವ್ಯಾಲಿಯಲ್ಲಿರುವ ಮಗಳ ಫ್ಲ್ಯಾಟಿಗೆ ಹೊರಟರು. ಹೋಗುವ ಮುಂಚೆ ಒಂದು ಪುಟ್ಟ ನೀಲಿ ಪೆಟ್ಟಿಗೆ ತಂದು ನಮ್ಮ ಹಿತ್ತಲಲ್ಲಿಟ್ಟರು. ತೀರಿಕೊಂಡ ಹೆಂಡತಿ ಸಾಕಿದ್ದ ಜೇನಿನ ಸಂತಾನದಲ್ಲಿ ಉಳಿದಿರುವುದು ಇದೊಂದೇ. ಗೂಡು ಚಿಕ್ಕದು, ಚಳಿ ತಡೆಯುವುದು ಕಷ್ಟ. ವಾರಕ್ಕೊಂದು ಬಾಟಲಿ ಸಕ್ಕರೆ ಪಾಕ ಮುಚ್ಚಳದ ತೂತಿನ ಮೇಲೆ ಬೋರಲು ಹಾಕಿ, ಬೇರೇನೂ ಮಾಡಬೇಡಿ, ತೆರೆದು ನೋಡಬೇಡಿ ಅಂದರು. ಕೊನೆಗೆ, "ಬದುಕಿದ್ರೆ ಸಂತೋಷ. ಹೋದ್ರೆ ನಿಮ್ಮ ತಪ್ಪಲ್ಲ" ಅಂದರು.

ಬೈದು ಹೋಗಿದ್ದರೆ ನೆಮ್ಮದಿಯಾಗಿರುತ್ತಿದ್ದೆವು. ಆ ಒಂದು ಮಾತಿಗೆ ಮನೆಮಂದಿಯ ನಿದ್ದೆಯೆಲ್ಲ ಹಾರಿಹೋಯಿತು.

ಹುಲಿ ಕಂಬಳಿ

ಆಗ ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಪೆಟ್ಟಿಗೆಯೊಳಗೆ ರಾಣಿ ಇದ್ದಾಳೆ, ಮೊಟ್ಟೆ ಇಡುತ್ತಾಳೆ ಅಂತ ನಾನು ವಿವರಿಸಿದೆ. ಅವರು ಅರ್ಧ ಕೇಳಿ, "ಹಾಗನ್ನು, ಬಾಣಂತಿ" ಅಂದರು. ಮುಂದಿನದೆಲ್ಲ ಅವರ ಇಲಾಖೆ.

ನಾವು ಮಸ್ಕತ್‌ನಲ್ಲಿದ್ದಾಗ ಕೊಂಡಿದ್ದ, ಹುಲಿ ಚಿತ್ರದ ದಪ್ಪ ಕಂಬಳಿ ಬೀರುವಿನಿಂದ ಈಚೆ ಬಂತು. ಬಾಣಂತಿಗೆ ಗಾಳಿ ಸೋಕಬಾರದು ಅಂತ ಅತ್ತೆ ಪೆಟ್ಟಿಗೆಯನ್ನು ತಲೆಯಿಂದ ಕಾಲಿನವರೆಗೆ ಸುತ್ತಿ, ಜೇನು ಓಡಾಡುವ ಬಾಗಿಲಿನ ಸಂದಿಗೆ ಹತ್ತಿ ತುರುಕಿ, ಮೇಲೆ ನಮ್ಮವರ ಮಫ್ಲರ್ ಕಟ್ಟಿದರು. ನಾನೂ ಹೌದೆಂದು ತಲೆಯಾಡಿಸಿದ್ದೆ, ಸುಳ್ಳು ಹೇಳುವುದಿಲ್ಲ.

ನಾನು ಕಳಿಸಿದ ಫೋಟೋ ನೋಡಿದ ಅಜ್ಜ ಬ್ರಿಸ್ಬೇನಿನಿಂದ ಆ ಕ್ಷಣವೇ ಫೋನ್ ಮಾಡಿದರು. ಜೇನಿಗೆ ಚಳಿಗಿಂತ ತೇವ ಕೆಟ್ಟದ್ದು, ಗಾಳಿ ಆಡದಿದ್ದರೆ ಅವುಗಳ ಉಸಿರೇ ಮುಚ್ಚಳದಡಿ ನೀರಾಗಿ ಅವುಗಳ ಮೇಲೆ ತೊಟ್ಟಿಕ್ಕುತ್ತದೆ, ಬಾಗಿಲು ಬಿಡಿಸಿ, ಮೂರು ಪಕ್ಕಕ್ಕೆ ಮಾತ್ರ ಹೊದಿಸಿ ಅಂದರು. ಅತ್ತೆಗೆ ಅನುವಾದಿಸಿದೆ. ಅವರು ಯೋಚಿಸಿ, "ಒದ್ದೆ ತಲೆ ಒಳ್ಳೇದಲ್ಲ ಅಂತ ನಾನೂ ಹೇಳ್ತೀನಿ. ಅವರೂ ಬಾಣಂತನ ಮಾಡಿದೋರೇ ಇರಬೇಕು" ಅಂದರು.

ಪಥ್ಯ

ಬಿಳಿ ಸಕ್ಕರೆ ವಿಷ ಅನ್ನುವುದು ಅತ್ತೆಯ ಹಳೇ ಸಿದ್ಧಾಂತ. ನಾನು ಡ್ಯೂಟಿಯಲ್ಲಿದ್ದಾಗ ಬೆಲ್ಲ ಕರಗಿಸಿ, ಒಣಶುಂಠಿ ಹಾಕಿ, ಸೋಸಿ, ಬಾಟಲಿ ಬೋರಲು ಹಾಕಿಬಿಟ್ಟರು.

ಎರಡು ದಿನ ಬಿಟ್ಟು ಒಳ್ಳೆ ಬಿಸಿಲು ಬಂತು. ಜೇನು ಹೊರಗೆ ಬಂದು ಒಣಗಲು ಹಾಕಿದ್ದ ನಮ್ಮವರ ಆರು ಬಿಳಿ ಅಂಗಿಗಳ ಮೇಲೂ ಕಂದು ಚುಕ್ಕೆ ಇಟ್ಟವು. ಪೆಟ್ಟಿಗೆಯ ಮುಂದೆ ಒಂದು ಹಿಡಿಯಷ್ಟು ಸತ್ತುಬಿದ್ದಿದ್ದವು. ನಮ್ಮವರು ಅಂಗಿಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಭೇದಿ" ಅಂದರು. ದಿನವಿಡೀ ಆಸ್ಪತ್ರೆಯಲ್ಲಿ ನೋಡುವುದು ಇದನ್ನೇ, ಮನೆಯಲ್ಲಾದರೂ ತಪ್ಪಬಾರದಿತ್ತೇ ಅಂತ ಸಂಕಟಪಟ್ಟರು.

ಬೆಲ್ಲ ಜೇನಿಗೆ ಜೀರ್ಣವಾಗದು ಅಂತ ಆಮೇಲೆ ಗೊತ್ತಾಯಿತು. ಸತ್ತವನ್ನು ನೋಡಿ ಅತ್ತೆ ಅವತ್ತು ಊಟ ಮಾಡಲಿಲ್ಲ. ಅಜ್ಜ ಮಾತ್ರ ಫೋನಿನಲ್ಲಿ ಒಂದು ಮಾತೂ ಬೈಯಲಿಲ್ಲ. ಚಳಿಗಾಲದಲ್ಲಿ ಮುದಿ ಜೇನು ಸಾಯುವುದು ಇದ್ದದ್ದೇ ಅಂತ ಸಮಾಧಾನ ಹೇಳಿ, ನಿಮ್ಮ ಅತ್ತೆಗೆ ಊಟ ಮಾಡೋಕೆ ಹೇಳಿ ಅಂದರು. ಅಂಥ ಮನುಷ್ಯ. ಅತ್ತೆ ಕಣ್ಣೊರೆಸಿಕೊಂಡು, ಹಾಗಾದರೆ ಶುಂಠಿ ಒಂದೇ ಹಾಕಬಹುದಾ ಕೇಳು ಅಂದರು.

ತಪಾಸಣೆ

ಬದುಕಿವೆಯೋ ಇಲ್ಲವೋ ತಿಳಿಯಬೇಕು, ತೆರೆಯುವ ಹಾಗಿಲ್ಲ. ಅಮ್ಮ, ಎಕ್ಸ್‌ರೇ ತೆಗಿ ಅಂದಳು ಮಗಳು. ಪರ್ತಿನ ಜೂಂಡಲಪ್‌ನಲ್ಲಿರುವ ನನ್ನ ತಂಗಿಯಂತೂ ದಿನಾ ಬೆಳಿಗ್ಗೆ ಫೋನ್ ಮಾಡಿ ಮೊದಲು ಜೇನಿನ ಆರೋಗ್ಯ, ಆಮೇಲೆ ನನ್ನದು ವಿಚಾರಿಸುತ್ತಿದ್ದಳು. ಕೊನೆಗೆ ನಮ್ಮವರು ಸ್ಟೆತೊಸ್ಕೋಪ್ ತಂದರು. ಒಳಗಿನ ಗುಂಯ್‌ಗುಟ್ಟುವ ಸದ್ದು ಚೆನ್ನಾಗಿಯೇ ಕೇಳುತ್ತದೆ. ದಿನಾ ಮಂಡಿಯೂರಿ, ಹುಲಿ ಕಂಬಳಿ ಸರಿಸಿ ಕೇಳುವುದು ಅಭ್ಯಾಸವಾಯಿತು.

ಒಂದು ಮಧ್ಯಾಹ್ನ ಪಾರ್ಸಲ್ ತಂದವನು ಪಕ್ಕದ ಗೇಟಿನಿಂದ ಹಿತ್ತಲಿಗೇ ಬಂದ. ಕಂಬಳಿ ಕಂಡು, ಮುದಿ ನಾಯಿ ಅಂದುಕೊಂಡು, ಟೋಪಿ ತೆಗೆದು ಮೆಲ್ಲಗೆ, ಹೇಗಿದೆ ಅಂತ ಕೇಳಿದ. ನಮ್ಮವರು ಕಿವಿಯಿಂದ ಸ್ಟೆತೊಸ್ಕೋಪ್ ತೆಗೆಯದೆ, "ಸುಮಾರು ಇನ್ನೂರು ಸತ್ತವು, ಒಳಗಿರೋವು ಪರವಾಗಿಲ್ಲ" ಅಂದರು. ಅವತ್ತಿನಿಂದ ನಮ್ಮ ಪಾರ್ಸಲ್‌ಗಳೆಲ್ಲ ಗೇಟಿನ ಹೊರಗೇ.

ಅಜ್ಜ ಬಂದದ್ದು

ಇಲ್ಲಿ ಚಳಿ ಮುಗಿಯುವ ಸೆಪ್ಟೆಂಬರಿನಲ್ಲಿ ಅಜ್ಜ ಬಂದರು. ಬ್ಯಾಗ್ ಇಳಿಸಿ ಸೀದಾ ನಮ್ಮ ಹಿತ್ತಲಿಗೆ. ನಾವು ನಾಲ್ವರೂ ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ ಸಾಲಾಗಿ ನಿಂತೆವು. ತೂಕ ನೋಡಲು ಅವರು ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿ ಎತ್ತಿದರು. ಏಳಲಿಲ್ಲ. ಇನ್ನೊಮ್ಮೆ ಎತ್ತಿದರು, ಏಳಲಿಲ್ಲ. ಏನೋ ಎಡವಟ್ಟಾಗಿದೆ ಅಂದುಕೊಂಡು ನಾನು ಮಗಳ ಕೈ ಹಿಡಿದುಕೊಂಡೆ.

ಮುಚ್ಚಳ ತೆಗೆದರು. ಜೇನು ಉಕ್ಕಿ ಬಂದವು. ಜೇನು ಎರಿ ಕಟ್ಟಿದ್ದ ಚೌಕಟ್ಟೊಂದನ್ನು ಕಷ್ಟಪಟ್ಟು ಎಳೆದು ನೋಡಿದರೆ ಅದರ ತುಂಬಾ ಸಕ್ಕರೆ ಪಾಕ, ರಾಣಿಗೆ ಮೊಟ್ಟೆ ಇಡಲು ಬೊಗಸೆಯಗಲ ಜಾಗ ಮಾತ್ರ.

"ವಾರಕ್ಕೆಷ್ಟು ಬಾಟಲಿ ಹಾಕಿದ್ರಿ?" ಅಂತ ಕೇಳಿದರು.

ಒಂದೇ, ಪ್ರತಿ ಭಾನುವಾರ ಅಂತ ನಾನು ಧೈರ್ಯವಾಗಿ ಹೇಳಿದೆ. ನಮ್ಮವರು ಕೆಮ್ಮಿದರು. ಆಸ್ಪತ್ರೆಯಿಂದ ಬಂದು ಸದ್ದು ಕೇಳುವಾಗ ಬಾಟಲಿ ಖಾಲಿ ಕಂಡರೆ ತುಂಬಿಸುತ್ತಿದ್ದರಂತೆ. ಮಗಳು, "ದೇ ಲುಕ್ಡ್ ಹಂಗ್ರಿ" ಅಂದಳು. ಸ್ಕೂಲಿಗೆ ಹೋಗುವ ಮುಂಚೆ ಅವಳದ್ದೊಂದು ಬಾಟಲಿ. ಅತ್ತೆ ಮಾತ್ರ ಯಾವ ಅಳುಕೂ ಇಲ್ಲದೆ, ದೇವರ ದೀಪ ಹಚ್ಚಿದ ಮೇಲೆ ದಿನಾ ಹಾಕುತ್ತಿದ್ದೆ, ಬಾಣಂತಿಯನ್ನು ವಾರಕ್ಕೊಮ್ಮೆ ಊಟಕ್ಕೆ ಕೂರಿಸುತ್ತಾರೆಯೇ ಅಂದರು. ನಾನೂ ಬುಧವಾರದ ಬಾಟಲಿಗಳನ್ನು ಒಪ್ಪಿಕೊಂಡೆ.

ಅಜ್ಜ ನೀಲಿ ಪೆಟ್ಟಿಗೆಯ ಮೇಲೆ ಕೈಯಿಟ್ಟರು. ಕಣ್ಣು ತುಂಬಿತ್ತು. ಚಳಿಗಾಲ ಮುಗಿಸಿ ದಪ್ಪವಾದ ಜೇನನ್ನು ಜೀವಮಾನದಲ್ಲಿ ನೋಡಿರಲಿಲ್ಲ, ಹೆಂಡತಿ ಇದ್ದಿದ್ದರೆ ನಗು ತಡೆಯುತ್ತಿರಲಿಲ್ಲ ಅಂದರು. ದೊಡ್ಡ ಪೆಟ್ಟಿಗೆಗೆ ಬದಲಾಯಿಸಿದರೆ ಸರಿಹೋಗುತ್ತದಂತೆ. ನಾನು ಅತ್ತೆಯನ್ನು ತಬ್ಬಿಕೊಂಡು ಅತ್ತೇಬಿಟ್ಟೆ.

ಅತ್ತೆಯ ಗಮನ ಬೇರೆಡೆ ಇತ್ತು. ಮಗಳ ಮನೆಯಲ್ಲಿ ಬಡಕಲಾಗಿದ್ದ ಅಜ್ಜನ ಕೆನ್ನೆ, ಬೆಲ್ಟ್ ಬಿಗಿದು ನಿಲ್ಲಿಸಿದ್ದ ಪ್ಯಾಂಟು ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿ ನನಗೆ ಹೇಳಿದರು: "ಮುಂದಿನ ಚಳಿಗಾಲಕ್ಕೆ ಜೇನನ್ನ ಬ್ರಿಸ್ಬೇನಿಗೆ ಕಳಿಸಿ, ಇವರನ್ನ ಇಲ್ಲಿ ಬಿಡೋಕೆ ಹೇಳೇ."

ಅನುವಾದಿಸಿದೆ. ಅಜ್ಜ ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ಅಷ್ಟರಲ್ಲಿ ಅತ್ತೆ ಒಳಗಿಂದ ತಂದ ಕೇಸರಿಬಾತ್ ತಟ್ಟೆ ನೋಡಿದರು. ಆಮೇಲೆ ಬೆಲ್ಟನ್ನು ಎರಡು ತೂತು ಸಡಿಲಿಸಿ ಕೂತರು.