ಭಾವನ ಸಸ್ಯಾಹಾರಿ ಹಾವು

ನಮ್ಮ ಭಾವನಿಗೆ ಸ್ವೀಡಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬರುತ್ತದೆ. ಬಹಳ ಚೆನ್ನಾಗಿ ಬರುತ್ತದೆ. ಆದರೆ ಬಿಸ್ಕತ್ತಿನ ಪೊಟ್ಟಣದ ಹಿಂಭಾಗದಲ್ಲಿ ಎಷ್ಟು ಅಚ್ಚಾಗಿರುತ್ತದೋ ಅಷ್ಟು ಮಾತ್ರ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಯ್‌ನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಇಷ್ಟು ವರ್ಷವಾದರೂ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳುವಷ್ಟು ಭಾಷೆ ಅವರಿಗೆ ಒದಗಿಲ್ಲ. ಆದರೆ ಹಂದಿಯ ಕೊಬ್ಬು, ಮೀನಿನ ಎಣ್ಣೆ, ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು, ಮೂಳೆ ಕಾಯಿಸಿ ಮಾಡಿದ ಜೆಲಟಿನ್, ಇವಕ್ಕೆಲ್ಲ ಸ್ವೀಡಿಷಿನಲ್ಲಿ ಏನೇನು ಹೆಸರು, ಪೊಟ್ಟಣದ ಮೇಲೆ ಬೆರಕೆ ಪದಾರ್ಥಗಳಿಗೆ ಕೊಡುವ ಯಾವ ಇ-ನಂಬರಿನ ಹಿಂದೆ ಯಾವ ಪ್ರಾಣಿ ಅಡಗಿ ಕೂತಿದೆ ಎಂಬುದೆಲ್ಲ ಬಾಯಿಪಾಠ. ಕೊಮ್ಯೂನ್‌ನವರು, ಅಂದರೆ ನಗರಸಭೆಯವರು, ನಡೆಸುವ ಭಾಷಾ ತರಗತಿಯಲ್ಲಿ ಮೊದಲ ದಿನ ಟೀಚರು, ‘ಎದ್ದು ನಿಂತು ನಿಮ್ಮ ಬಗ್ಗೆ ಒಂದು ವಾಕ್ಯ ಹೇಳಿ’ ಎಂದರಂತೆ. ಒಬ್ಬರು ಹೆಸರು ಹೇಳಿದರು, ಇನ್ನೊಬ್ಬರು ಊರು ಹೇಳಿದರು. ನಮ್ಮ ಭಾವ ಎದ್ದು ಗಂಭೀರವಾಗಿ, ‘ನನಗೆ ಹಂದಿಯ ಕೊಬ್ಬು ಬೇಡ’ ಎಂದು ಕೂತರು. ಉಚ್ಚಾರಣೆ ಅದ್ಭುತವಾಗಿದೆ ಎಂದು ಟೀಚರು ಮೆಚ್ಚಿಕೊಂಡರಂತೆ!

ಇಂಥ ಮನುಷ್ಯರ ಮನೆಯ ಹಜಾರದಲ್ಲಿ ಈಗ ಒಂದು ಹೆಬ್ಬಾವು ಇದೆ. ನಿಮಗೆ ಗೊಂದಲವಾಯಿತೇ? ನನಗೂ ಆಗಿದೆ. ಅದು ಬಂದ ದಿನದಿಂದ ನಮ್ಮ ಮನೆತನದಲ್ಲಿ ಗೊಂದಲವಿಲ್ಲದೆ ಇರುವುದು ಆ ಹಾವೊಂದೇ.

ಎಲ್ಲ ಶುರುವಾದದ್ದು ಇಂಚರಳಿಂದ. ಇಂಚರ ಅಕ್ಕನ ಮಗಳು, ಹನ್ನೊಂದು ವರ್ಷ. ಕ್ಲಾಸಿನಲ್ಲಿ ಎಲ್ಲರ ಮನೆಯಲ್ಲೂ ಸಾಕುಪ್ರಾಣಿ ಇದೆ, ನನಗೂ ಬೇಕು ಎಂದು ಹಟ ಹಿಡಿದಳು. ಕೂದಲಿರುವ ಪ್ರಾಣಿ ಪಕ್ಕದಲ್ಲಿ ಸುಳಿದರೆ ಸಾಕು, ಅವಳಿಗೆ ಸೀನು ಹತ್ತಿ ಕಣ್ಣು ಊದಿಕೊಳ್ಳುತ್ತದೆ. ಹಾಗಾಗಿ ನಾಯಿ, ಬೆಕ್ಕು, ಮೊಲ ಎಲ್ಲ ಹೊರಗಾದವು. ಪಕ್ಷಿಯನ್ನು ಪಂಜರದಲ್ಲಿ ಇಡುವುದು ಪಾಪ ಎಂದು ಭಾವ ತಳ್ಳಿಹಾಕಿದರು. ಮನೆಗೆ ಆಮೆ ತಂದರೆ ನಾನು ನಿಮ್ಮ ಜೊತೆ ಮಾತೇ ಆಡುವುದಿಲ್ಲ ಎಂದು ತುಮಕೂರಿನಿಂದ ಅಕ್ಕನ ಅತ್ತೆ ಫೋನಿನಲ್ಲೇ ತಡೆದರು. ಉಳಿದದ್ದು ಮೀನು. ಭಾವ ಅಂಗಡಿಗೆ ಹೋಗಿ, ಮೀನಿನ ಆಹಾರದ ಡಬ್ಬಿಯನ್ನು ಅಭ್ಯಾಸಬಲದಿಂದ ತಿರುಗಿಸಿ ಓದಿದರು. ಅದರೊಳಗೆ ಮೀನು! ಮೀನಿಗೇ ಮೀನು ತಿನ್ನಿಸುವ ದೇಶಕ್ಕೆ ಬಂದುಬಿಟ್ಟೆವಲ್ಲ ಎಂದು ಅವತ್ತು ಕಾಫಿಯನ್ನೂ ಸರಿಯಾಗಿ ಕುಡಿಯಲಿಲ್ಲವಂತೆ.

ಆಮೇಲೆ ಒಂದು ಭಾನುವಾರ, ನಾನೂ ಅಲ್ಲೇ ಇದ್ದೆ, ದೋಸೆ ತಿನ್ನುತ್ತಾ ಭಾವ ಘೋಷಿಸಿದರು.

“ಹಾವು! ಕೂದಲಿಲ್ಲ, ಗಲಾಟೆ ಇಲ್ಲ, ವಾಕಿಂಗ್ ಕರ್ಕೊಂಡು ಹೋಗೋ ತಾಪತ್ರಯ ಇಲ್ಲ. ಎಲ್ಲಕ್ಕಿಂತ ಮುಖ್ಯ, ಪ್ಯೂರ್ ವೆಜ್. ಹಾಲು ಕುಡ್ಕೊಂಡು ಇರುತ್ತೆ ಪಾಪ.”

ಇಲ್ಲಿ ನಾನು ಭಾವನನ್ನು ಒಬ್ಬರನ್ನೇ ಆಡಿಕೊಂಡು ನಗುವಂತಿಲ್ಲ. ಬಯಾಲಜಿ ಓದಿದ ನನ್ನ ಅಕ್ಕ, ‘ಹೌದಲ್ವಾ’ ಎಂದು ತಲೆಯಾಡಿಸಿದಳು. ಎರಡು ಡಿಗ್ರಿ ಮಾಡಿಕೊಂಡ ನಾನೂ ತಲೆಯಾಡಿಸಿದೆ. ಚಿಕ್ಕಂದಿನಲ್ಲಿ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದವರು ನಾವೆಲ್ಲ. ಆ ಹಾಲನ್ನು ಒಳಗಿರುವವರು ಕುಡಿದರೋ ಇಲ್ಲವೋ ಎಂದು ಬಗ್ಗಿ ನೋಡಿದವರು ಯಾರು? ತಲೆಯಾಡಿಸದೆ ಕೂತಿದ್ದವಳು ಇಂಚರ ಮಾತ್ರ. ಅವಳು ತಟ್ಟೆ ನೋಡುತ್ತಾ ದೋಸೆಯನ್ನು ಬಹಳ ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು.

ಹಾವು ಮಾರುವವರು ನಿವೃತ್ತರಾದ ಡಾಗಿಸ್ ಟೀಚರು, ಅಂದರೆ ಶಿಶುವಿಹಾರದವರು. ಇಷ್ಟು ವರ್ಷ ಊರಿನ ಪುಟ್ಟ ಮಕ್ಕಳನ್ನು ನೋಡಿಕೊಂಡ ಮೇಲೆ ಈಗ ಮನೆತುಂಬ ಹಾವು ಸಾಕಿಕೊಂಡಿದ್ದಾರೆ. ಮಕ್ಕಳಿಗಿಂತ ಸುಲಭವಂತೆ. ಅವರು ಗಾಜಿನ ಪೆಟ್ಟಿಗೆ, ಶಾಖದ ದೀಪ ಎಲ್ಲ ತೋರಿಸಿ, ಕೈ ಬಾಯಿ ಆಡಿಸಿ ತುಂಬ ಹೊತ್ತು ವಿವರಿಸಿದರು. ಭಾವ ಮಗಳ ಕಡೆ ತಿರುಗಿದರು.

“ಏನಂತೆ?”

“ತುಂಬ ಒಳ್ಳೆ ಹಾವಂತೆ ಅಪ್ಪ.”

“ಅಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ?”

“ಸ್ವೀಡಿಷ್ ಸ್ವಲ್ಪ ಉದ್ದ ಭಾಷೆ ಅಪ್ಪ.”

ಹಾವು ಮನೆಗೆ ಬಂತು. ಆಫ್ರಿಕಾ ಮೂಲದ ಪುಟ್ಟ ಜಾತಿಯ ಹೆಬ್ಬಾವು, ಮೈಮೇಲೆ ಕಂದು ಕಪ್ಪು ಮಚ್ಚೆ. ಭಾವ ಅದಕ್ಕೆ ಶೇಷು ಎಂದು ಹೆಸರಿಡಲು ಹೊರಟರು. ನಮ್ಮ ಸೋದರಮಾವನ ಹೆಸರು ಶೇಷಗಿರಿ. ‘ಶೇಷು ಪೆಟ್ಟಿಗೇಲಿ ಗಲೀಜು ಮಾಡಿದಾನೆ, ಕ್ಲೀನ್ ಮಾಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?’ ಎಂದು ಅಕ್ಕ ಅಡ್ಡ ಬಂದಳು. ಕೊನೆಗೆ ಇಂಚರ ಇಟ್ಟ ಹೆಸರೇ ನಿಂತಿತು, ಕನೇಲ್. ಹಾಗೆಂದರೆ ದಾಲ್ಚಿನ್ನಿ. ಸುರುಳಿ ಸುತ್ತಿ ಮಲಗಿದರೆ ಥೇಟ್ ಇಲ್ಲಿಯವರು ಫೀಕಾಗೆ, ಅಂದರೆ ಕಾಫಿಯ ಹೊತ್ತಿಗೆ, ತಿನ್ನುವ ದಾಲ್ಚಿನ್ನಿ ಬನ್ನಿನ ಹಾಗೆಯೇ ಕಾಣುತ್ತದೆ.

ಭಾವ ಹಾಲು ಕಾಯಿಸಿ, ಆರಿಸಿ, ಎರಡು ಎಸಳು ಕೇಸರಿ ಹಾಕಿ ಬಟ್ಟಲಿನಲ್ಲಿ ಇಟ್ಟರು. ಕನೇಲ್ ಅದರ ಮೇಲೆ ಹರಿದು ಬಟ್ಟಲನ್ನು ಬೋರಲು ಹಾಕಿ, ಒದ್ದೆ ಮೈಯಲ್ಲೇ ಮೂಲೆ ಸೇರಿತು. ಸಕ್ಕರೆ ಕಡಿಮೆಯಾಯಿತೇನೋ ಎಂದು ಮಾರನೆಯ ದಿನ ಸಕ್ಕರೆ ಹಾಕಿದರು. ಮತ್ತೆ ಬೋರಲು! ಇನ್ನು ತಡೆಯಲಾರದೆ ಇಂಚರ ಬಾಯಿಬಿಟ್ಟಳು.

“ಅಪ್ಪ... ಅದು ಇಲಿ ತಿನ್ನುತ್ತೆ.”

ಭಾವ ಸಕ್ಕರೆ ಡಬ್ಬಿಯನ್ನು ಕೆಳಗಿಟ್ಟರು.

“ಕಡೇಪಕ್ಷ ಮೊಟ್ಟೆ?”

“ಇಲ್ಲ ಅಪ್ಪ.”

“ಪನೀರ್?”

“ಅಪ್ಪಾ!”

“ಇಲಿ ಶೇಪಲ್ಲಿ ಕಟ್ ಮಾಡಿದ್ರೆ?”

ಅಕ್ಕನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. “ಅಲ್ರೀ, ಒಂದು ಚಾಕಲೇಟ್ ತರಬೇಕಾದ್ರೂ ಅರ್ಧ ಗಂಟೆ ಪ್ಯಾಕೆಟ್ ಓದ್ತೀರ. ಹಾವು ತರೋವಾಗ ಓದ್ಲಿಲ್ವಾ?”

“ಹಾವಿನ ಹಿಂದೆ ಏನೂ ಬರೆದಿರಲಿಲ್ಲ ಕಣೆ!” ಎಂದರು ಭಾವ, ನಿಜವಾದ ದುಃಖದಿಂದ.

ಹಿಂದಿರುಗಿಸೋಣವೆಂದರೆ ಇಂಚರ ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತು ಅಳತೊಡಗಿದಳು. ಮಗಳು ಅತ್ತರೆ ಭಾವ ಕರಗಿ ನೀರಾಗುತ್ತಾರೆ. ಸರಿ, ತಿನ್ನಲಿ, ಆದರೆ ತೆಂಗಿನತುರಿ, ಕರಿಬೇವು ಇಟ್ಟಿರುವ ಫ್ರೀಜರಿನಲ್ಲಿ ಇಲಿ ಇಡಲು ಸಾಧ್ಯವೇ ಇಲ್ಲ ಎಂದರು. ಹಾಗಾದರೆ ಎಲ್ಲಿ? ಎಲ್ಲರೂ ನನ್ನ ಕಡೆ ನೋಡಿದರು. ನಾನು ಮಾಲ್ಮೋದಲ್ಲಿ ಒಂಟಿಯಾಗಿದ್ದೇನೆ, ದಿನಾ ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗುತ್ತೇನೆ, ಅಲ್ಲಿನ ಕ್ಯಾಂಟೀನಿನಲ್ಲಿ ಒಮ್ಮೆ ಮೀನು ತಿಂದದ್ದು ಭಾವನಿಗೆ ಗೊತ್ತು. “ನಿನ್ನ ಫ್ರೀಜರ್ ಹೇಗೂ ಮೈಲಿಗೆ ಆಗಿದೆಯಲ್ಲಮ್ಮ” ಎಂದರು, ಪ್ರೀತಿಯಿಂದಲೇ!

ಹೀಗೆ ನಾನು ಪ್ರತಿ ಶನಿವಾರ ಐಸ್ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಇಲಿ ಇಟ್ಟುಕೊಂಡು ಮಾಲ್ಮೋದಿಂದ ರೈಲು ಹತ್ತುವವಳಾದೆ. ಒಂದು ಸಲ ಎದುರು ಸೀಟಿಗೆ ನಮ್ಮ ಕನ್ನಡ ಬಳಗದ ಆಂಟಿಯೊಬ್ಬರು ಬಂದು ಕೂತರು.

“ಅಕ್ಕನ ಮನೆಗಾ? ಡಬ್ಬಿ ನೋಡಿದ್ರೆ ಏನೋ ಸ್ಪೆಷಲ್ ಇರೋ ಹಾಗಿದೆ. ಹೋಳಿಗೇನಾ?”

ನನಗೆ ಸುಳ್ಳು ಹೊಳೆಯಲಿಲ್ಲ. “ಇಲ್ಲ ಆಂಟಿ, ಇಲಿ.”

ಆಂಟಿ ಜೋರಾಗಿ ನಕ್ಕರು. ನಾನು ನಗಲಿಲ್ಲ. ಅವರು ಲ್ಯಾಂಡ್ಸ್‌ಕ್ರೋನ ಸ್ಟೇಷನ್ ಬರುವ ಮೊದಲೇ ಎದ್ದು ಬೇರೆ ಬೋಗಿಗೆ ಹೋದರು. ಆಮೇಲಿನ ದೀಪಾವಳಿ ಕೂಟದಲ್ಲಿ ನಾನು ಮಾಡಿಕೊಂಡು ಹೋದ ಪುಳಿಯೋಗರೆಯನ್ನು ಯಾರೂ ಮುಟ್ಟಲಿಲ್ಲ.

ಇಷ್ಟೆಲ್ಲ ಮಾಡಿದರೂ ಕನೇಲ್ ತಿನ್ನಲಿಲ್ಲ! ಇಂಚರ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದರೆ ಅದು ಮುಖ ತಿರುಗಿಸುತ್ತಿತ್ತು. ಮೊದಮೊದಲು ಭಾವನಿಗೆ ಹೆಮ್ಮೆ. “ನೋಡಿದ್ಯಾ, ಅದಕ್ಕೂ ನಮ್ಮನೆ ಗಾಳಿ ತಾಗಿದೆ” ಎಂದು ನನ್ನ ಮುಂದೆ ಬೀಗಿದರು. ಇಲಿಯ ಪೊಟ್ಟಣವನ್ನು ದೂರದಿಂದ ಹಿಡಿಸಿಕೊಂಡು ಹಿಂಭಾಗವನ್ನೂ ಓದಿದರು. ‘ಇಲಿ’ ಎಂದಷ್ಟೇ ಬರೆದಿತ್ತು. “ಎಷ್ಟು ಶುದ್ಧ! ಒಂದೇ ಒಂದು ಇ-ನಂಬರ್ ಇಲ್ಲ” ಎಂದು ಬೆರಗಾದರು.

ತುಮಕೂರಿನ ಅತ್ತೆ ವಿಡಿಯೋ ಕಾಲಿನಲ್ಲಿ ಹಾವನ್ನು ನೋಡಿ ಕೈಮುಗಿದರು. ಉಪವಾಸ ಎಂದು ಕೇಳಿ ಇನ್ನೊಮ್ಮೆ ಮುಗಿದರು. ಇದು ಆಫ್ರಿಕಾದ್ದು ಅತ್ತೆ, ನಮ್ಮ ನಾಗಪ್ಪನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಅಕ್ಕ ಹೇಳಿದಳು. ‘ಅದು ನಿನಗೆ ಹೇಗೆ ಗೊತ್ತು?’ ಎಂದು ಅವರು ಕೇಳಿದ ಮೇಲೆ ಅಕ್ಕನಿಗೂ ಅನುಮಾನ ಹುಟ್ಟಿತು. ಆ ಶುಕ್ರವಾರ ದೇವರಿಗೆ ಆರತಿ ಎತ್ತಿದವಳು ಹಜಾರಕ್ಕೆ ಬಂದು, ಗಾಜಿನ ಪೆಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತು, ಎತ್ತಲೋ ಬೇಡವೋ ತಿಳಿಯದೆ, ಅರ್ಧ ಸುತ್ತು ಎತ್ತಿ ಒಳಗೆ ಹೋದಳು.

ವಾರಗಳು ಕಳೆದವು. ಭಾವನ ತಮಾಷೆ ನಿಂತಿತು. ಡಾಗಿಸ್ ಟೀಚರಿಗೆ ಫೋನ್ ಮಾಡಿಸಿದರು. ಈ ಸಲ ಮಗಳಿಂದ ಒಂದೊಂದು ಮಾತನ್ನೂ ಬಿಡದೆ ಹೇಳಿಸಿದರು. ಹೊಸ ಮನೆಯ ಹೆದರಿಕೆ, ಇಂಥ ಹಾವುಗಳು ತುಂಬ ದಿನ ಉಪವಾಸ ಇರಬಲ್ಲವು. ಯಾರಾದರೂ ತೊಟ್ಟ ಬಟ್ಟೆಯನ್ನು ಒಳಗಿಡಿ, ಮನುಷ್ಯರ ವಾಸನೆ ರೂಢಿಯಾಗಲಿ. ಕ್ರಿಸ್ಮಸ್ಸಿಗೆ ಮುಂಚೆ ಬರುವ ಅಡ್ವೆಂಟಿನ ಮೊದಲ ಭಾನುವಾರದೊಳಗೆ ತಿನ್ನದಿದ್ದರೆ ಮಾತ್ರ ವಾಪಸ್ ತಂದುಬಿಡಿ. ಕೆಲವು ಹಾವು ಕೆಲವು ಮನೆಗೆ ಒಗ್ಗುವುದಿಲ್ಲ ಎಂದರು ಟೀಚರು.

ಭಾವ ತಮ್ಮ ಹಳೆಯ ಬನಿಯನ್ನನ್ನು ಪೆಟ್ಟಿಗೆಯೊಳಗೆ ಹಾಸಿದರು. ಎರೆಹುಳ ಕಂಡರೂ ಕಾಲು ಎತ್ತುವ ಮನುಷ್ಯ, ಚಳಿಗಾಲದ ದಪ್ಪ ಜಾಕೆಟ್, ಗ್ಲೋವ್ಸ್ ತೊಟ್ಟು ದಿನಾ ಸಂಜೆ ಕನೇಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಲು ಶುರುಮಾಡಿದರು. ಹೆದರಿಕೆಗೆ ಅದು ಉಂಡೆಯಾಗುತ್ತಿತ್ತು, ಇವರು ಸೋಫಾದ ಮೂಲೆಯಲ್ಲಿ ಉಂಡೆಯಾಗುತ್ತಿದ್ದರು. ಯಾರು ಯಾರನ್ನು ಪಳಗಿಸುತ್ತಿದ್ದಾರೆಂದು ಹೇಳುವುದು ಕಷ್ಟವಿತ್ತು. ಆಮೇಲಾಮೇಲೆ ಗ್ಲೋವ್ಸ್ ಹೋಯಿತು, ಜಾಕೆಟ್ಟೂ ಹೋಯಿತು. ನಾನು ಆಫೀಸಿನಲ್ಲಿರುವಾಗ ಫೋನ್ ಮಾಡಿ, “ಇವತ್ತೂ ಏನೂ ತಿಂದಿಲ್ಲಮ್ಮ” ಎನ್ನುತ್ತಿದ್ದರು. ಇಂಚರ ಸ್ನೇಹಿತೆಯರನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿದಳು. ವಾಪಸ್ ಹೋಗುವ ಹಾವನ್ನು ತೋರಿಸಿ ಏನು ಪ್ರಯೋಜನ ಎಂದಳಂತೆ.

ಅಡ್ವೆಂಟಿನ ಹಿಂದಿನ ದಿನ, ಶನಿವಾರ, ನಾನು ಕೊನೆಯ ಇಲಿ ತೆಗೆದುಕೊಂಡು ಹೋದೆ. ಎದುರುಮನೆಗಳ ಕಿಟಕಿಗಳಲ್ಲಿ ಆಗಲೇ ಕಾಗದದ ನಕ್ಷತ್ರದೀಪಗಳು ಹೊತ್ತಿದ್ದವು. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಹಾವಿಗೆ ಮಬ್ಬು ಇಷ್ಟವೆಂದು ಹಜಾರದ ದೀಪ ಆರಿಸಿದೆವು. ಇಂಚರ ಇಕ್ಕಳ ಹಿಡಿದಳು. ಕನೇಲ್ ನೋಡಲಿಲ್ಲ. ನಾನು ಹಿಡಿದೆ. ಅದು ಬನಿಯನ್ನಿನ ಮಡಿಕೆಯೊಳಗೆ ತಲೆ ಹುದುಗಿಸಿತು. ಇಂಚರ ಎದ್ದು, ಪೆಟ್ಟಿಗೆ ಕಟ್ಟಲು ರಟ್ಟಿನ ಡಬ್ಬ ತರಲು ಹೊರಟಳು.

“ಕೊಡು ಇಲ್ಲಿ” ಎಂದರು ಭಾವ.

“ಭಾವ, ಅದು ಇಲಿ ಕಣ್ರೀ!”

“ಗೊತ್ತು. ಕೊಡು.”

ಅವರ ಕೈ ಗಡಗಡ ನಡುಗುತ್ತಿತ್ತು. ಮುಖ ಬೇರೆ ಕಡೆ ತಿರುಗಿಸಿ, ಹಲ್ಲು ಕಚ್ಚಿ ಇಕ್ಕಳ ಚಾಚಿದರು. ನಮ್ಮ ಕೈಯಲ್ಲಿ ಅಲುಗಾಡದೆ ತೂಗುತ್ತಿದ್ದ ಇಲಿ ಅವರ ನಡುಕಕ್ಕೆ ಜೀವವಿದ್ದಂತೆ ಒದ್ದಾಡತೊಡಗಿತು. ಕನೇಲ್ ತಲೆ ಎತ್ತಿತು. ನಾಲಗೆ ಹೊರಗೆ ಬಂತು, ಒಳಗೆ ಹೋಯಿತು. ಇಂಚರ ನನ್ನ ತೋಳು ಹಿಡಿದುಕೊಂಡಳು. ಅದು ಯಾವಾಗ ಎರಗಿತೋ ನನಗೆ ಕಾಣಲಿಲ್ಲ. ಕಂಡಾಗ ಇಲಿಯ ಸುತ್ತ ಸುರುಳಿ ಬಿಗಿದಿತ್ತು. ಭಾವ ಇಕ್ಕಳ ಬಿಡಲಿಲ್ಲ, ಕೂಗಲಿಲ್ಲ. ಮುಖವನ್ನು ಮಾತ್ರ ನಿಧಾನವಾಗಿ ಇತ್ತ ತಿರುಗಿಸಿ, ಕೊನೆಯವರೆಗೂ ನೋಡಿದರು.

“ತಿಂತು” ಎಂದರು. ಇಂಚರ ಅವರ ಕುತ್ತಿಗೆಗೆ ಜೋತುಬಿದ್ದಳು. ಮುಟ್ಟಬೇಡ, ಸ್ನಾನ ಮಾಡಬೇಕು ಎನ್ನುತ್ತಲೇ ಅವರೂ ಅವಳನ್ನು ತಬ್ಬಿಕೊಂಡರು. ನಾಲಗೆ ತುದಿಯಲ್ಲಿ ನನಗೊಂದು ತಮಾಷೆ ಸಿದ್ಧವಾಗಿತ್ತು. ಯಾಕೋ ಹೊರಗೆ ಬರಲಿಲ್ಲ.

ಭಾವ ಸ್ನಾನ ಮುಗಿಸಿ, “ಹಸಿವಾಗ್ತಿದೆ ಕಣೆ, ಏನಿದೆ?” ಎಂದು ಬಚ್ಚಲಿನಿಂದಲೇ ಕೂಗಿದರು. ಒಲೆಯ ಮುಂದಿದ್ದ ಅಕ್ಕ ಸೆರಗಿಲ್ಲದ ಸ್ವೆಟರಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಏನಾಯಿತೆಂದು ಕೇಳಿದೆ. ತಗ್ಗಿದ ದನಿಯಲ್ಲಿ ಹೇಳಿದಳು.

“ಅದು ತಿನ್ನೋದು ಬಿಟ್ಟಾಗಿಂದ ಇವರು ರಾತ್ರಿ ಊಟ ಮಾಡಿಲ್ಲ ಕಣೆ. ಆಸಿಡಿಟಿ ಅಂತಿದ್ರು. ನಾನು ಬಿಡ್ದೆ ಕೇಳ್ದಾಗ, ಮನೇಲಿ ಒಂದು ಜೀವ ಹಸ್ಕೊಂಡಿರೋವಾಗ ಗಂಟಲಲ್ಲಿ ಇಳಿಯಲ್ಲ ಅಂದ್ರು. ಇಂಚರಂಗೆ ಹೇಳ್ಬೇಡ ಅಂತ ಮಾತು ತಗೊಂಡ್ರು.”

ಇಷ್ಟು ದಿನ ಈ ಮನುಷ್ಯರ ಕಥೆ ಹೇಳಿ ಆಫೀಸಿನಲ್ಲಿ ಎಷ್ಟು ಜನರನ್ನು ನಗಿಸಿದ್ದೆ!

ಭಾವ ಬಂದು ತಟ್ಟೆಯ ಮುಂದೆ ಕೂತರು. ಅನ್ನಕ್ಕೆ ಸಾರು ಕಲಸಿ, ಹಸಿದ ಮಕ್ಕಳಂತೆ ಗಬಗಬ ಉಂಡರು. ಅಕ್ಕ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು. ಅವರು ಬೇಡ ಎನ್ನಲಿಲ್ಲ.