ಕರೆಯದೆ ಕೊಯ್ದ ಮೆಣಸು

ಪಕ್ಕದ ಮನೆಯ ಗಿರಿಜಮ್ಮ ನನ್ನ ಹಿತ್ತಿಲ ಹಸಿಮೆಣಸನ್ನು ನನ್ನನ್ನು ಕರೆಯದೆ ಕೊಯ್ದರು. ಕದ್ದರೆಂದು ನಾನು ಹೇಳುವುದಿಲ್ಲ. ಬೇಕಾದಾಗ ಕೊಯ್ದುಕೊಳ್ಳಿ ಎಂದವನು ನಾನೇ. ಕರೆಯಲಿಲ್ಲ ಎಂಬುದಷ್ಟೇ ನನ್ನ ದೂರು, ಮತ್ತು ಅದು ಸಣ್ಣ ದೂರೆಂದು ನಾನು ಒಪ್ಪುವುದಿಲ್ಲ.

ಪೂರ್ವಕಥೆ ಹೇಳದೆ ನ್ಯಾಯ ಸಿಗುವುದಿಲ್ಲ. ಆ ಗಿಡಗಳ ಬೀಜ ಸಾಲಿಗ್ರಾಮದ ನನ್ನ ಅಕ್ಕನ ಮನೆಯದು. ಹಣ್ಣಾದ ಕಾಯಿಗಳನ್ನು ನೆರಳಿನಲ್ಲಿ ಒಣಗಿಸಿ, ಬೀಜಕ್ಕೆ ಬೂದಿ ಬೆರೆಸಿ, ಮಳೆ ಹಿಂದೆ ಸರಿದ ಮೇಲೆ ಮಡಿಯಲ್ಲಿ ಬಿತ್ತಿದೆ. ಮೊಳಕೆಗಳನ್ನು ಕಂಡು ಗಿರಿಜಮ್ಮ, "ಎಂತ ಅಣ್ಣಯ್ಯ, ಕಳೆಗೂ ನೀರ್ ಹಾಕ್ತ್ರಿಯಾ?" ಎಂದಿದ್ದರು. ಅದನ್ನು ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ, ನೆನಪಿದೆ, ಅಷ್ಟೆ. ಸಸಿಗಳನ್ನು ಸಂಜೆ ಹೊತ್ತು ಕಿತ್ತು ನೆಟ್ಟೆ, ತೆಂಗಿನ ಗರಿಯ ನೆರಳು ಕಟ್ಟಿದೆ, ಎಲೆ ಮುರುಟಿದಾಗ ಹುಳಿಮಜ್ಜಿಗೆ ಚಿಮುಕಿಸಿದೆ. ಹೂವಾಯಿತು, ಕಾಯಾಯಿತು. ಇಷ್ಟೆಲ್ಲ ಮಾಡಿದ ನಾನು ಮೆಣಸು ತಿನ್ನುವವನಲ್ಲ. ಬ್ರಹ್ಮಾವರದ ವೈದ್ಯರೊಬ್ಬರು ನನ್ನ ಹೊಟ್ಟೆಯನ್ನು ಒತ್ತಿ ನೋಡಿ ಖಾರವನ್ನು ಎಂದೋ ಬಿಡಿಸಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ನನ್ನ ಅಡುಗೆ ಗಂಜಿಗೆ ಬಂದು ನಿಂತಿದೆ.

ಹಾಗಾದರೆ ಯಾಕೆ ಬೆಳೆದಿರಿ ಎನ್ನುವಿರಾ? ಕುಂದಾಪುರದಲ್ಲಿ ಮೀನು ಮಾರಿ ನಮ್ಮ ತಲ್ಲೂರಿಗೆ ಮರಳುವ ಗಿರಿಜಮ್ಮ ಬೇಲಿಯ ಬಳಿ ನಿಂತು, "ಹ್ವಾಯ್ ಅಣ್ಣಯ್ಯ, ನಾಲ್ಕ್ ಮೆಣ್ಸ್ ಕೊಯ್ಕಂತೆ" ಎಂದು ಕೂಗುತ್ತಿದ್ದರು. ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಕರೆಯುತ್ತಿದ್ದುದು ಅದೊಂದೇ ಸಲ. ಮನೆಯ ಫೋನು ರಿಂಗಣಿಸಿದರೆ ಅದು ತಪ್ಪು ನಂಬರು. ಆದ್ದರಿಂದ ಆ ಹೊತ್ತಿಗೆ ನಾನು ಒಗೆದ ಅಂಗಿ ತೊಟ್ಟು ಸಿದ್ಧನಾಗಿರುತ್ತಿದ್ದೆ.

ಮೊನ್ನೆಯೂ ಅಂಗಿ ತೊಟ್ಟು ಹಿಂಬಾಗಿಲ ಮರೆಯಲ್ಲಿ ಕುಳಿತಿದ್ದೆ. ಗಿಡಗಳ ನಡುವೆ ಗಿರಿಜಮ್ಮನ ಸೊಸೆಯ ದನಿ ಕೇಳಿಸಿತು: "ಅತ್ತೆ, ಅಣ್ಣಯ್ಯಂಗೆ ಒಂದ್ ಮಾತ್ ಹೇಳ್ಕಲ್ದಾ?"

"ಸುಮ್ನೆ ಕೊಯ್ಯ್ ಮಾರಾಯ್ತಿ," ಎಂದರು ಗಿರಿಜಮ್ಮ. "ಕರದ್ರೆ ಬೀಜ ಒಣಗ್ಸಿದ್ದಲ್ಲಿಂದ ಶುರು ಮಾಡ್ತ್ರ್. ಕಾಯಿಗ್ ಬಪ್ಪುದ್ರೊಳ್ಗೆ ನಮ್ಮ್ ಬಂಗ್ಡಿ ಮೀನ್ ಹಾಳಾತ್ತ್."

ಸೊಸೆ ನಕ್ಕಳು. ನನಗೆ ಕೆಮ್ಮು ಬಂದಿತ್ತು, ತಡೆದುಕೊಂಡೆ. ಕೆಮ್ಮಿದರೆ ಅರ್ಧಕ್ಕೇ ಬಿಟ್ಟು ಹೋದಾರು, ಮರುದಿನ ಬಾರದೆಯೂ ಇದ್ದಾರು.

ಗಿರಿಜಮ್ಮ, ಬೀಜವಿಲ್ಲದೆ ಕಾಯಿ ಎಲ್ಲಿಂದ ಬರುತ್ತದೆ ಎಂಬ ತರ್ಕವನ್ನು ಬದಿಗಿಡುತ್ತೇನೆ. ಇನ್ನು ಮುಂದೆ ಕೊಯ್ಲಿನಿಂದಲೇ ಶುರು ಮಾಡಿ ಅಲ್ಲಿಗೇ ಮುಗಿಸುತ್ತೇನೆಂದು ಮಾತು ಕೊಟ್ಟರೆ, ಆಗಲಾದರೂ ಕರೆಯುವಿರಾ?