ಮೂವತ್ತೊಂದು ಮನೆಗಳ ರಿಪೇರಿ

ಪರದೇಶಕ್ಕೆ ಹೊರಡುವ ಮುಂಚೆ ಅಡಿಪಟ್ಟಿ ಸಾಹೇಬರು ನೆಂಟರಿಷ್ಟರೆಲ್ಲರ ಎದುರಿಗೆ ಒಂದು ಘನಘೋರ ಪ್ರತಿಜ್ಞೆ ಮಾಡಿದರು.

"ಅವಳು ಮಕ್ಕಳಿಗೆ ಚಿತ್ರ ಕಲಿಸೋಕೆ ಹೋಗ್ತಿದ್ದಾಳೆ. ನಾನು ಅವಳ ಜೊತೆಗೆ ಹೋಗ್ತಿದ್ದೀನಿ, ಅಷ್ಟೆ. ಅಡುಗೆ ನಂದು, ಬಟ್ಟೆ ನಂದು, ಕಸ ನಂದು. ಅವಳ ಕೆಲಸಕ್ಕೆ ಮಾತ್ರ ಮೂಗು ತೂರಿಸೋದಿಲ್ಲ. ಬೇಕಾದ್ರೆ ಬರೆದು ಕೊಡ್ತೀನಿ."

ಯಾರೂ ಬರೆಸಿಕೊಳ್ಳಲಿಲ್ಲ. ಬರೆಸಿಕೊಳ್ಳಬೇಕಿತ್ತು.

ಸಾಹೇಬರ ಪೂರ್ವಾಶ್ರಮದ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಮೂವತ್ತನಾಲ್ಕು ವರ್ಷ ಅವರು ನಗರಸಭೆಯಲ್ಲಿ ಮನೆ ನಕ್ಷೆಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ಕುಳಿತಿದ್ದರು. ಆ ಮೇಜನ್ನು ಒಂದೇ ಸಲಕ್ಕೆ ದಾಟಿ ಹೋದ ನಕ್ಷೆ ಇಲ್ಲ. ಕಿಟಕಿ ಎರಡಂಗುಲ ಸರಿದಿದ್ದರೆ ಸಾಕು, ಕೆಂಪು ಪೆನ್ನು ಹೊರಬರುತ್ತಿತ್ತು. ಮೂಲೆಯಲ್ಲಿ "ತಿದ್ದಿ ತನ್ನಿ" ಎಂದು ಬೀಳುತ್ತಿತ್ತು. ತಮ್ಮ ಸ್ವಂತ ಮನೆ ಕಟ್ಟಿಸುವಾಗ ತಾವೇ ಬರೆದ ನಕ್ಷೆಯನ್ನು ತಾವೇ ಎರಡು ಸಲ ವಾಪಸು ಕಳಿಸಿದ ಮಹಾನುಭಾವರು ಅವರು! ಜೇಬಿನಲ್ಲಿ ಸದಾ ಇಣುಕುವ ಉಕ್ಕಿನ ಅಡಿಪಟ್ಟಿ ಅವರಿಗೆ ಹೆಸರನ್ನೂ ಕೊಟ್ಟಿತ್ತು. ಪ್ರಯಾಣದ ಪೆಟ್ಟಿಗೆಯಿಂದ ಹೆಂಡತಿ ಅದನ್ನು ಮೂರು ಸಲ ತೆಗೆದಿಟ್ಟರು. ಅದು ನಾಲ್ಕನೆಯ ಸಲ ಹತ್ತಿ ಕುಳಿತು ವಿಮಾನದಲ್ಲಿ ಬಂತು.

ಹೆಂಡತಿ ನಿವೃತ್ತ ಚಿತ್ರಕಲಾ ಶಿಕ್ಷಕಿ. ಒಂದು ವರ್ಷ ಪರದೇಶದ ಪುಟ್ಟ ಶಾಲೆಯಲ್ಲಿ ಮಕ್ಕಳಿಗೆ ಸ್ವಯಂಸೇವೆಯಾಗಿ ಚಿತ್ರ ಕಲಿಸಲು ಒಪ್ಪಿಕೊಂಡು, ಹೊರಡುವ ಮುಂಚೆಯೇ ಅಲ್ಲಿನ ಭಾಷೆಯನ್ನೂ ಕಲಿತಿದ್ದರು. ಸಾಹೇಬರಿಗೆ ಬರುತ್ತಿದ್ದುದು ಇಪ್ಪತ್ತು ಪದ. ಅದರಲ್ಲಿ ಹನ್ನೊಂದು ತರಕಾರಿ.

ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಕೆಳಗೆ ಮನೆಯೊಡತಿ. ಮೊದಲ ತಿಂಗಳು ಸಾಹೇಬರು ಪಟ್ಟ ಪಾಡು ದೇವರಿಗೇ ಪ್ರೀತಿ. ಬಟ್ಟೆ ಒಗೆಯುವ ಯಂತ್ರ ಹೆಂಡತಿಯ ಬಿಳಿ ರವಿಕೆಯನ್ನು ನೀಲಿ ಮಾಡಿ ಕೊಟ್ಟಿತು. ಕಸವನ್ನು ನಾಲ್ಕು ಡಬ್ಬಿಗೆ ಬೇರೆ ಬೇರೆ ಹಾಕಬೇಕು. ಮನೆಯೊಡತಿ ಇವರ ಚೀಲವನ್ನು ಎರಡು ಸಲ ಬಾಗಿಲಿಗೇ ತಂದು ಇಟ್ಟು ಹೋದಳು. ಇಷ್ಟು ವರ್ಷ ಊರಿನ ನಕ್ಷೆಗಳನ್ನೆಲ್ಲ ವಾಪಸು ಕಳಿಸಿದವರಿಗೆ ಕಸ ವಾಪಸು ಬಂತು. ಸಾಹೇಬರು ಸೋಲಲಿಲ್ಲ. ಡಬ್ಬಿಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದರು, ಕಲಿತರು, ಎರಡನೆಯ ತಿಂಗಳಲ್ಲಿ ಅಕ್ಕಪಕ್ಕದವರ ಡಬ್ಬಿ ಇಣುಕಿ ತಲೆಯಾಡಿಸುವ ಮಟ್ಟಕ್ಕೆ ಏರಿದರು. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ಮನೆ ಗೆದ್ದಾಗಿತ್ತು.

ಶಾಲೆಯ ಕಡೆ ಮಾತ್ರ ಅಷ್ಟು ಸುಖವಿರಲಿಲ್ಲ. ಚಿತ್ರದ ಪಿರಿಯಡ್ಡು ದಂಡ, ಆ ಹೊತ್ತಿಗೆ ಇನ್ನಷ್ಟು ಲೆಕ್ಕ ಕಲಿಸಿ ಎಂದು ತಂದೆತಾಯಿಗಳ ಗೊಣಗಾಟ. ಕೊನೆಗೆ ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಳು: ಶನಿವಾರ ಮಕ್ಕಳ ಚಿತ್ರಪ್ರದರ್ಶನ, ಅವರಿಗೆ ಹಿಡಿಸಿದರೆ ಪಿರಿಯಡ್ಡು ಉಳಿಯುತ್ತದೆ, ಇಲ್ಲದಿದ್ದರೆ ನೀವು ಊರಿಗೆ ಹೊರಡಬಹುದು.

ಶುಕ್ರವಾರ ಮಧ್ಯಾಹ್ನ ಹೆಂಡತಿ ಮೂವತ್ತೊಂದು ಚಿತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ವಿಷಯ: ನಮ್ಮ ಮನೆ.

"ರೀ, ನಾನು ಶಾಲೆಗೆ ಹೋಗಿ ಚಿತ್ರ ತೂಗುಹಾಕೋಕೆ ಹಗ್ಗ ಕಟ್ಟಿಸಿ ಬರ್ತೀನಿ. ನೀವು ಇವುಗಳ ಅಂಚು ನೆಟ್ಟಗೆ ಕತ್ತರಿಸಿ, ಹಿಂದೆ ರಟ್ಟು ಅಂಟಿಸಿಡಿ. ಅಂಚು ಮಾತ್ರ."

"ಅಂಚು ಮಾತ್ರ," ಎಂದರು ಸಾಹೇಬರು ಗಂಭೀರವಾಗಿ.

ಹುಟ್ಟುಗುಣ ಸುಟ್ಟರೂ ಹೋಗದು. ಮೊದಲ ಚಿತ್ರದ ಅಂಚು ಕತ್ತರಿಸುವಾಗ ಒಳಗಿನ ಗೋಡೆ ಕಣ್ಣಿಗೆ ಬಿತ್ತು. ವಾಲಿತ್ತು. ನೋಡಬಾರದೆಂದುಕೊಂಡರು. ಆದರೆ ಗೋಡೆ ವಾಲಿಯೇ ಇತ್ತಲ್ಲ! ಒಂದೇ ಒಂದು ಗೆರೆ ಎಂದು ಅಡಿಪಟ್ಟಿ ಇಟ್ಟು ನೆಟ್ಟಗೆ ಎಳೆದರು. ಗೋಡೆ ನೆಟ್ಟಗಾದ ಮೇಲೆ ಸೂರು ಸೊಟ್ಟಗೆ ಕಂಡಿತು. ಸೂರು ಸರಿಹೋದಾಗ ಹೊಗೆಗೂಡು ಗಾಳಿಯಲ್ಲಿ ನಿಂತಿತ್ತು. ಎರಡನೆಯ ಚಿತ್ರದಲ್ಲಿ ಒಂದೇ ಗೋಡೆಗೆ ಏಳು ಕಿಟಕಿ, ಏಳರಲ್ಲೂ ಒಬ್ಬಳೇ ಹೆಂಗಸು. ನಿಯಮದ ಪ್ರಕಾರ ಐದನ್ನು ಮುಚ್ಚಿಸಿದರು. ಹನ್ನೆರಡನೆಯದರಲ್ಲಿ ಬಾಗಿಲು ಸೂರಿನ ಹತ್ತಿರ ನೇತಾಡುತ್ತಿತ್ತು. "ಇಲ್ಲಿಂದ ಮನುಷ್ಯ ಇಳಿಯೋದು ಹೇಗೆ?" ಎಂದು ಗದರಿ ಅದನ್ನು ನೆಲಕ್ಕೆ ತಂದು ಕೂರಿಸಿದರು. ಮೇಣದ ಬಣ್ಣ ಅಳಿಸಲು ಬಾರದ್ದರಿಂದ ಕೆಂಪು ಪೆನ್ನೇ ಹೊರಬಂತು. ಪೆನ್ನು ಬಂದ ಮೇಲೆ ಕೈಯನ್ನು ಹಿಡಿಯುವವರಾರು? ಸಂಜೆಗೆ ಮೂವತ್ತೊಂದು ಮನೆಗಳೂ ನೆಟ್ಟಗೆ ನಿಂತಿದ್ದವು, ಅಂಚುಗಳು ಮಾತ್ರ ಇದ್ದ ಹಾಗೇ ಇದ್ದವು. ಮೂಲೆಮೂಲೆಯಲ್ಲಿ ಮುದ್ದಾದ ಅಕ್ಷರದಲ್ಲಿ: ತಿದ್ದಿ ತನ್ನಿ.

ಹೆಂಡತಿ ಬಂದು ಕಟ್ಟು ಬಿಚ್ಚಿದರು.

"ಏನ್ರೀ ಇದು?"

"ಸ್ವಲ್ಪ ರಿಪೇರಿ."

"ಯಾರು ಕೇಳಿದ್ರು?"

"ಕೇಳಬೇಕಾ? ಗೋಡೆ ವಾಲಿತ್ತು ಕಣೇ. ನಾಳೆ ಯಾರ ಮೇಲಾದ್ರೂ ಬಿದ್ದಿದ್ರೆ?"

"ಕಾಗದದ ಗೋಡೆ ರೀ ಅದು."

ಮುಂದೆ ಬೈಗುಳ ಬರುತ್ತದೆಂದು ಸಾಹೇಬರು ಕಾದರು. ಬರಲಿಲ್ಲ. ಬೈಯುವ ಹೆಂಡತಿಯನ್ನು ಅವರು ಮೂವತ್ತಾರು ವರ್ಷದಿಂದ ನಿಭಾಯಿಸಿದ್ದರು. ಸುಮ್ಮನಾದ ಹೆಂಡತಿ ಅವರಿಗೆ ಹೊಸಬಳು. ಆಕೆ ಹನ್ನೆರಡನೆಯ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಈ ಹುಡುಗಿ ಶಾಲೆಗೆ ಸೇರಿದಾಗಿನಿಂದ ಬಾಯೇ ಬಿಟ್ಟಿಲ್ಲ. ಎರಡು ತಿಂಗಳು ಬಣ್ಣ ಮುಟ್ಟದೆ ಕೂತಿದ್ಲು. ಇದು ಅವಳ ಮೊದಲನೇ ಚಿತ್ರ."

ಸಾಹೇಬರು ಕೆಂಪು ಪೆನ್ನನ್ನು ಜೇಬಿಗೆ ತುರುಕಿದರು. "ನಾನೇ ಎಲ್ಲಾನೂ ಮತ್ತೆ ಬರೆದುಕೊಡ್ತೀನಿ. ಅವರು ಬರೆದ ಹಾಗೇ."

"ಅವರು ಬರೆದ ಹಾಗೆ ನಿಮ್ಮ ಕೈಲಿ ಬರುತ್ತಾ? ಒಂದು ಸೊಟ್ಟ ಗೆರೆ ಎಳೀರಿ ನೋಡೋಣ."

ಸಾಹೇಬರು ಅಡಿಪಟ್ಟಿ ಪಕ್ಕಕ್ಕಿಟ್ಟು ಎಳೆದರು. ನೆಟ್ಟಗೆ ಬಂತು. ಕಣ್ಣು ಮುಚ್ಚಿ ಎಳೆದರು. ಇನ್ನೂ ನೆಟ್ಟಗೆ ಬಂತು.

"ಇದ್ದ ಹಾಗೇ ತೂಗುಹಾಕ್ತೀನಿ," ಎಂದು ಹೆಂಡತಿ ಎದ್ದರು. "ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ತಿದ್ದಿದವರೇ ಮಕ್ಕಳಿಗೆ ಉತ್ತರ ಕೊಡಲಿ."

ಮಾಡಿದ್ದುಣ್ಣೋ ಮಹರಾಯ! ಶನಿವಾರ ಹತ್ತು ಗಂಟೆಗೆ ಸಾಹೇಬರು ಶಾಲೆಯ ಹಜಾರದಲ್ಲಿ ಹರಕೆಯ ಕುರಿಯಂತೆ ನಿಂತಿದ್ದರು. ತಂದೆತಾಯಿಗಳು ಕೋಟು ಬಿಚ್ಚದೆ, ಗಡಿಯಾರ ನೋಡುತ್ತ ಬಂದರು. ಮುಖ್ಯೋಪಾಧ್ಯಾಯಿನಿ ಕೈಕಟ್ಟಿ ನಿಂತಳು. ಆ ಪುಟ್ಟ ಹುಡುಗಿ ತನ್ನ ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಅವಳು ಅಳದಿದ್ದರೆ ಸಾಕಪ್ಪಾ ಎಂದು ಸಾಹೇಬರು ಕಂಡ ದೇವರಿಗೆಲ್ಲ ಕೈಮುಗಿದರು. ಅವಳು ಅಳಲಿಲ್ಲ. ಕೆಂಪು ಅಕ್ಷರಗಳ ಮೇಲೆ ಬೆರಳಿಟ್ಟು ತನ್ನ ಟೀಚರ್ ಕಡೆ, ಅಂದರೆ ಸಾಹೇಬರ ಹೆಂಡತಿಯ ಕಡೆ, ತಿರುಗಿದಳು.

"ತಪ್ಪಿದೆ, ಸರಿ ಮಾಡ್ಕೊಂಡು ಬನ್ನಿ ಅಂತ ಬರೆದಿದ್ದಾರೆ," ಎಂದು ಟೀಚರ್ ಅವಳ ಭಾಷೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬರೆದವರನ್ನೂ ತೋರಿಸಿದರು.

ಹುಡುಗಿ ಸೀದಾ ಬಂದು ಸಾಹೇಬರ ತೋಳು ಹಿಡಿದು ಎಳೆದಳು. ಎರಡು ತಿಂಗಳು ಮುಚ್ಚಿದ್ದ ಬಾಯಿ ಅಣೆಕಟ್ಟಿನ ಬಾಗಿಲು ತೆಗೆದಂತೆ ತೆರೆಯಿತು. ಹೆಂಡತಿ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋದರು.

"ನಮ್ಮನೆ ನೆಲದ ಕೆಳಗಿದೆ. ಬಾಗಿಲು ಮೇಲೇ ಇರೋದು. ಮೆಟ್ಟಿಲು ಹತ್ತಿ ಹೊರಗೆ ಬರ್ತೀವಿ. ನೀವು ಬಾಗಿಲು ಕೆಳಗೆ ಇಟ್ಟಿದ್ದೀರಿ. ಈಗ ನಾನು, ಅಮ್ಮ ಹೊರಗೆ ಬರೋದು ಹೇಗೆ?"

ಮೂವತ್ತನಾಲ್ಕು ವರ್ಷದಲ್ಲಿ ಆ ಮೇಜಿನ ಮುಂದೆ ಯಾರೂ ಕೇಳದಿದ್ದ ಪ್ರಶ್ನೆ. ಸಾಹೇಬರು ಎಲ್ಲರೆದುರಿಗೆ ಕಿವಿ ಹಿಡಿದುಕೊಂಡು, "ತಪ್ಪಾಯ್ತು ಮಗಳೇ," ಎಂದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅಷ್ಟೇ ಸಾಕಾಯಿತು, ಉಳಿದ ಮೂವತ್ತು ಮಂದಿ ದಂಡೆತ್ತಿ ಬಂದರು. ಒಬ್ಬನ ದೂರು: ಅಪ್ಪ ಗೋಡೆಗೆ ಒರಗಿ ಕೂರುತ್ತಾರೆ, ಅದಕ್ಕೇ ಗೋಡೆ ವಾಲಿದೆ. ಏಳು ಕಿಟಕಿಯ ಹುಡುಗನ ವಾದ: ಅಮ್ಮ ಒಂದು ಕಡೆ ನಿಲ್ಲುವುದೇ ಇಲ್ಲ, ಎಲ್ಲ ಕಿಟಕಿಯಲ್ಲೂ ಅವಳೇ ಕಾಣುತ್ತಾಳೆ; ಅದರಲ್ಲಿ ಐದು ಅಮ್ಮಂದಿರನ್ನು ಇವರು ಮುಚ್ಚಿಹಾಕಿದ್ದಾರೆ. ಆ ಅಮ್ಮ ಹಿಂದೆಯೇ ನಿಂತಿದ್ದಳು. ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು, ಆಮೇಲೆ ಕೋಟು ಬಿಚ್ಚಿದಳು. ಒಬ್ಬೊಬ್ಬ ಮಗುವೂ ತನ್ನ ಮನೆಯವರನ್ನು ಎಳೆದು ತಂದು ಆದ ಅನ್ಯಾಯವನ್ನು ವಿವರಿಸಿತು. ಮಕ್ಕಳ ಚಿತ್ರದಲ್ಲಿ ಏನಿದೆಯೆಂದು ಆ ತಂದೆತಾಯಿಗಳು ಕೇಳಿಸಿಕೊಂಡದ್ದು ಅದೇ ಮೊದಲು. ಹನ್ನೊಂದಕ್ಕೆ ಮುಗಿಯಬೇಕಿದ್ದ ಪ್ರದರ್ಶನ ಒಂದು ಗಂಟೆಯಾದರೂ ಮುಗಿಯಲಿಲ್ಲ. ಕಾವಲುಗಾರ ಬೀಗದ ಕೈ ಅಲ್ಲಾಡಿಸಿ ಸೋತ.

ಮುಖ್ಯೋಪಾಧ್ಯಾಯಿನಿ ಬಂದು ಟೀಚರ್ ಕೈ ಕುಲುಕಿದಳು. ಚಿತ್ರಕ್ಕೆ ಇನ್ನು ವಾರಕ್ಕೆ ಎರಡು ಪಿರಿಯಡ್ಡು! ಮಕ್ಕಳ ಬಾಯಿ ಬಿಡಿಸುವ ಈ ಉಪಾಯ ಬಹಳ ಹೊಸದು ಎಂದು ಸಾಹೇಬರ ಕೈಯನ್ನೂ ಕುಲುಕಿದಳು.

ಸಾಹೇಬರ ಎದೆ ಒಂದು ಗೇಣು ಉಬ್ಬಿತು. "ನೋಡ್ದೇನೇ? ನಾನು ಕೈ ಹಾಕದೇ ಇದ್ದಿದ್ರೆ ಏನಾಗ್ತಿತ್ತು?"

"ಅಂಚು ನೆಟ್ಟಗಿರ್ತಿತ್ತು," ಎಂದರು ಹೆಂಡತಿ. ಆದರೆ ನಗುತ್ತಿದ್ದರು.

ಅಷ್ಟರಲ್ಲಿ ಆ ಹುಡುಗಿ ಒಂದು ಬಿಳಿ ಹಾಳೆ ತಂದು ಸಾಹೇಬರ ಮುಂದೆ ಹಿಡಿದಳು. ಈಗ ನೀವು ನಿಮ್ಮ ಮನೆ ಬರೆಯಿರಿ ಎಂಬುದು ಅವಳ ಅಪ್ಪಣೆ.

ಇದಕ್ಕಿಂತ ಸುಲಭ ಯಾವುದು? ಸಾಹೇಬರು ಮಂಡಿ ಗಲ್ಲಕ್ಕೆ ತಾಗುವಂಥ ಪುಟಾಣಿ ಕುರ್ಚಿಯಲ್ಲಿ ಕುಳಿತು ಅಡಿಪಟ್ಟಿ ತೆಗೆದರು. ಊರಿನ ಸ್ವಂತ ಮನೆಯ ನಡುಮನೆ, ಅಡುಗೆಮನೆ, ಮೆಟ್ಟಿಲು, ನೀರಿನ ತೊಟ್ಟಿ, ಚರಂಡಿಯ ಇಳಿಜಾರು, ಒಂದೂ ಬಿಡಲಿಲ್ಲ. ಮೂವತ್ತೊಂದು ತಲೆಗಳು ಬಗ್ಗಿ ನೋಡಿದವು. ಹುಡುಗಿ ಎಲ್ಲ ಕೋಣೆಗಳಲ್ಲೂ ಬೆರಳಾಡಿಸಿ ಏನೋ ಕೇಳಿದಳು.

"ಟೀಚರ್ ಎಲ್ಲಿ ಅಂತ ಕೇಳ್ತಿದ್ದಾಳೆ," ಎಂದರು ಹೆಂಡತಿ, ಚಾವಣಿ ನೋಡುತ್ತ.

ಸಾಹೇಬರು ನಕ್ಷೆ ನೋಡಿದರು. ಚರಂಡಿಗೂ ಜಾಗ ಕೊಟ್ಟಿದ್ದರು. ಮೂವತ್ತಾರು ವರ್ಷ ಆ ಮನೆ ನಡೆಸಿದ ಹೆಂಡತಿಗೆ ಎಲ್ಲೂ ಕೊಟ್ಟಿರಲಿಲ್ಲ.

"ಅದು... ನಕ್ಷೆಯಲ್ಲಿ ಮನುಷ್ಯರನ್ನ ತೋರಿಸೋ ಪದ್ಧತಿ ಇಲ್ಲ," ಎಂದು ತೊದಲಿದರು.

ಹೆಂಡತಿ ಅದನ್ನೂ ಇದ್ದ ಹಾಗೆ ಹೇಳಿದರು. ಹುಡುಗಿ ಒಪ್ಪಲಿಲ್ಲ. ಸಾಹೇಬರ ಜೇಬಿನಿಂದ ಕೆಂಪು ಪೆನ್ನು ಎಳೆದುಕೊಂಡಳು. ತನ್ನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ನಾಲಿಗೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ನೋಡಿ ನೋಡಿ ಸೊಟ್ಟಸೊಟ್ಟಗೆ ಮೂಲೆಯಲ್ಲಿ ಬರೆದಳು: ತಿದ್ದಿ ತನ್ನಿ.

ಆ ಮನೆಯ ನಕ್ಷೆ ಹೀಗೆ ಮೂರನೆಯ ಸಲ ವಾಪಸಾಯಿತು.